ಜೆಫ್ ಬೆಕ್‌ನ ಯಾವ ಕಾಲ ದೊಡ್ಡದು? ಆಲ್ಬಮ್ ಆಮೇಲೆ, ಮೊದಲು ಬಲಗೈ ನೋಡಿ

ಜೆಫ್ ಬೆಕ್‌ನ ಅಭಿಮಾನಿಗಳು ಮೂವರು ಒಂದು ಕಡೆ ಸೇರಿದರೆ ವಾದ ಶುರುವಾಗುವುದು ಗ್ಯಾರಂಟಿ. "1968ರ ಬೆಕ್‌ನ ಮುಂದೆ ಇನ್ಯಾರೂ ಇಲ್ಲ" ಅನ್ನುತ್ತಾರೆ ಒಬ್ಬರು. "1975 ಬಿಟ್ಟು ಬೇರೆ ಮಾತೇ ಬೇಡ" ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿ ಬಿಡುತ್ತಾರೆ: "ಅರವತ್ತು ದಾಟಿದ ಮೇಲೆ ಅವನು ನುಡಿಸಿದ್ದನ್ನು ನೀವು ಸರಿಯಾಗಿ ಕೇಳಿಯೇ ಇಲ್ಲ."

ಈ ಇಂಗ್ಲಿಷ್ ಗಿಟಾರ್ ವಾದಕ ಹುಟ್ಟಿದ್ದು 1944ರಲ್ಲಿ, ಲಂಡನ್ ಪಕ್ಕದ ವಾಲಿಂಗ್ಟನ್‌ನಲ್ಲಿ. ತೀರಿಕೊಂಡಿದ್ದು 2023ರ ಜನವರಿ 10ರಂದು, 78ನೇ ವಯಸ್ಸಿನಲ್ಲಿ. ನುಡಿಸಬೇಕಾದ್ದನ್ನೆಲ್ಲ ನುಡಿಸಿ ಹೋದ. ಆದರೂ ಯಾವುದು ಶ್ರೇಷ್ಠ ಅನ್ನುವ ಲೆಕ್ಕ ಬಗೆಹರಿದಿಲ್ಲ. ಅದಕ್ಕೆ ಒಂದು ಒಳ್ಳೆಯ ಕಾರಣ ಇದೆ ಅಂತ ನನ್ನ ನಂಬಿಕೆ. ನಾವೆಲ್ಲ ಆಲ್ಬಮ್‌ಗಳ ಹೆಸರು ಹಿಡಿದುಕೊಂಡು ವಾದ ಮಾಡುತ್ತೇವೆ. ಬೆಕ್‌ನ ಜೀವನದ ದೊಡ್ಡ ತಿರುವು ಯಾವ ಆಲ್ಬಮ್ಮಿನ ಮೇಲೂ ಬರೆದಿಲ್ಲ. ಅದು ನಡೆದದ್ದು ಅವನ ಬಲಗೈಯಲ್ಲಿ.

ಅಲ್ಲಿಗೆ ಬರುವ ಮೊದಲು ವಾದ ಇಷ್ಟು ಗೋಜಲಾಗಿದ್ದು ಹೇಗೆ ಅಂತ ನೋಡೋಣ. ರಾಕ್‌ನ ಹೆಚ್ಚಿನ ಗಿಟಾರ್ ವಾದಕರಿಗೆ ಒಂದು ಮನೆ ಇರುತ್ತದೆ. ಒಂದೇ ಬ್ಯಾಂಡ್, ಒಬ್ಬನೇ ಹಾಡುಗಾರ, ಹತ್ತಿಪ್ಪತ್ತು ವರ್ಷ. ಬೆಕ್‌ಗೆ ಅಂಥ ಮನೆ ಇರಲಿಲ್ಲ. ಅವನು ಹಾಡುಗಾರನಲ್ಲ. ಹಾಡು ಬರೆಯುವುದೂ ಅವನ ಮುಖ್ಯ ಕೆಲಸ ಆಗಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ಯಾರು ನಿಂತಿದ್ದಾರೋ ಅವರ ಮೇಲೆ ಸಂಗೀತದ ಬಣ್ಣವೇ ಬದಲಾಗುತ್ತಿತ್ತು. ಎರಡು ಆಲ್ಬಮ್ ಆಗುವಷ್ಟರಲ್ಲಿ ಬ್ಯಾಂಡ್ ಒಡೆಯುತ್ತಿತ್ತು. ಆದ್ದರಿಂದ "ಬೆಕ್‌ನ ಯಾವ ಕಾಲ ಚೆನ್ನ" ಅಂತ ಕೇಳಿದಾಗ ಎಷ್ಟೋ ಸಲ ನಾವು "ಅವನ ಜೊತೆಗಾರರಲ್ಲಿ ನಿಮಗೆ ಯಾರು ಇಷ್ಟ" ಅಂತ ಕೇಳುತ್ತಿರುತ್ತೇವೆ.

ಮೊದಲು ಯಾರ್ಡ್‌ಬರ್ಡ್ಸ್. 1965ರ ಮಾರ್ಚ್‌ನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಆ ಬ್ಯಾಂಡ್ ಬಿಟ್ಟ. ಅವರು ಕರೆದದ್ದು ಜಿಮ್ಮಿ ಪೇಜ್‌ನನ್ನು. ಅವನು ಒಲ್ಲೆ ಅಂದು ತನ್ನ ಗೆಳೆಯ ಬೆಕ್‌ನ ಹೆಸರು ಹೇಳಿದ. ಬೆಕ್ ಅಲ್ಲಿದ್ದದ್ದು ಇಪ್ಪತ್ತು ತಿಂಗಳಷ್ಟೇ. ಆದರೆ ಆ ಇಪ್ಪತ್ತು ತಿಂಗಳಲ್ಲಿ ನಡೆದ ಒಂದು ಸಣ್ಣ ಸಂಗತಿ ಅವನು ಮುಂದೆ ಏನಾಗಲಿದ್ದಾನೆ ಅನ್ನುವುದನ್ನು ತೋರಿಸಿಬಿಡುತ್ತದೆ. "ಹಾರ್ಟ್ ಫುಲ್ ಆಫ್ ಸೋಲ್" ಹಾಡಿಗೆ ಸಿತಾರ್ ಬೇಕು ಅಂತ ಸ್ಟುಡಿಯೋಗೆ ಸಿತಾರ್ ವಾದಕರನ್ನು ಕರೆಸಿದ್ದರು. ರೆಕಾರ್ಡ್ ಮಾಡಿ ನೋಡಿದರೆ ಬ್ಯಾಂಡಿನ ಅಬ್ಬರದಲ್ಲಿ ಅದಕ್ಕೆ ಬೇಕಾದ ಹಿಡಿತ ಬರಲಿಲ್ಲ. ಬೆಕ್ ಅದೇ ಎಳೆಯನ್ನು ಗಿಟಾರ್‌ನಲ್ಲಿ ಹಿಡಿದ. ಫಜ್ ಅನ್ನುವ ಪೆಟ್ಟಿಗೆ ಹಾಕಿ ಧ್ವನಿಯನ್ನು ಒರಟು ಮಾಡಿದ, ತಂತಿಯನ್ನು ಎಳೆದು ಸ್ವರವನ್ನು ಜಾರಿಸಿದ. ಸಿತಾರ್ ಇಲ್ಲದೆಯೇ ಸಿತಾರ್‌ನ ನೆರಳು ಬಂತು. ಇದು 1965ರ ಮಧ್ಯದ ಮಾತು. ಬೀಟಲ್ಸ್ ಆಲ್ಬಮ್ಮಿನಲ್ಲಿ ಸಿತಾರ್ ಕೇಳಿಸಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ.

ಆಗ ಅವನಿಗೆ ಇಪ್ಪತ್ತು ವರ್ಷ. ಗಿಟಾರ್‌ನಲ್ಲಿ ಗಿಟಾರ್ ಅಲ್ಲದ ದನಿ ಹುಡುಕುವ ಚಟ ಆಗಲೇ ಶುರುವಾಗಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು 1968ರ ಪಂಗಡ. ಇವರ ವಾದ ಗಟ್ಟಿಯಾದದ್ದು. "ಟ್ರೂತ್" ಅನ್ನುವ ಆಲ್ಬಮ್ ಬಂತು. ಹಾಡಿದ್ದು ರಾಡ್ ಸ್ಟುವರ್ಟ್. ಬೇಸ್ ಹಿಡಿದಿದ್ದು ರಾನಿ ವುಡ್, ಅಂದರೆ ಆಮೇಲೆ ರೋಲಿಂಗ್ ಸ್ಟೋನ್ಸ್ ಸೇರಿದವನು. ಡ್ರಮ್ಸ್ ಮಿಕ್ಕಿ ವಾಲರ್‌ನದು. ಹಳೆಯ ಅಮೆರಿಕನ್ ಬ್ಲೂಸ್ ಹಾಡುಗಳನ್ನು ಇವರು ತೂಕ ಹೆಚ್ಚಿಸಿ, ವೇಗ ಇಳಿಸಿ, ಆಂಪ್ಲಿಫೈಯರ್ ಕಿರುಚುವವರೆಗೂ ಏರಿಸಿ ನುಡಿಸಿದರು. ಹಾಡುವ ದನಿ ಒಂದು ಸಾಲು ಹೇಳಿದರೆ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಮುಂದೆ ಹೆವಿ ರಾಕ್ ಅಂತ ಹೆಸರಾದದ್ದರ ಅಚ್ಚು ಇಲ್ಲಿದೆ. ಕೆಲವೇ ತಿಂಗಳ ನಂತರ, 1969ರ ಜನವರಿಯಲ್ಲಿ, ಜಿಮ್ಮಿ ಪೇಜ್‌ನ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಮ್ ಬಂತು. ಎರಡೂ ಆಲ್ಬಮ್‌ಗಳಲ್ಲಿ ವಿಲ್ಲಿ ಡಿಕ್ಸನ್‌ನ "ಯು ಶುಕ್ ಮಿ" ಇದೆ. ಬೆಕ್‌ನ ಆವೃತ್ತಿಯಲ್ಲಿ ಆರ್ಗನ್ ನುಡಿಸಿದ್ದು ಜಾನ್ ಪಾಲ್ ಜೋನ್ಸ್, ಅವನೇ ಆಮೇಲೆ ಜೆಪ್ಲಿನ್‌ನ ಬೇಸ್ ವಾದಕ! ಯಾರು ಯಾರಿಂದ ತೆಗೆದುಕೊಂಡರು ಅಂತ ಜಗಳ ಆಡುವವರು ಇನ್ನೂ ಇದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಒಂದೇ ಊಟೆಯಿಂದ ಎರಡು ಹೊಳೆ ಹರಿದವು ಅಷ್ಟೇ. ಒಂದು ಸಮುದ್ರ ಸೇರಿತು, ಇನ್ನೊಂದು ದಾರಿಯಲ್ಲೇ ಒಣಗಿತು.

ಒಣಗಿದ್ದು ಹೀಗೆ. 1969ರಲ್ಲಿ "ಬೆಕ್-ಓಲಾ" ಬಂತು. ಆ ಬೇಸಿಗೆಯ ವುಡ್‌ಸ್ಟಾಕ್ ಉತ್ಸವಕ್ಕೆ ಅವರ ಹೆಸರೂ ಪಕ್ಕಾ ಆಗಿತ್ತು. ಉತ್ಸವಕ್ಕೆ ಸ್ವಲ್ಪ ದಿನ ಮುಂಚೆ ಬ್ಯಾಂಡ್ ಒಡೆಯಿತು. ವರ್ಷದ ಕೊನೆಯಲ್ಲಿ ಬೆಕ್ ಕಾರು ಅಪಘಾತದಲ್ಲಿ ತಲೆಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಮಲಗಿದ. 1968ರ ಪಂಗಡದವರ ಮಾತಿನಲ್ಲಿ ಒಂದು ಕೊರಗು ಇರುತ್ತದಲ್ಲ, ಅದು ಇದರದ್ದೇ. ಅವರು ಆಲ್ಬಮ್ ಹೊಗಳುವಾಗ, ಬರದೇ ಹೋದ ಮೂರನೆಯ, ನಾಲ್ಕನೆಯ ಆಲ್ಬಮ್‌ಗಳನ್ನೂ ಸೇರಿಸಿ ಹೊಗಳುತ್ತಾರೆ.

1971, 72ರ ಎರಡನೇ ಬ್ಯಾಂಡನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ. ನಾನೂ ಬೇಗ ದಾಟುತ್ತೇನೆ. ಒಂದು ಮಾತು ಮಾತ್ರ: ಕೀಬೋರ್ಡ್ ವಾದಕ ಮ್ಯಾಕ್ಸ್ ಮಿಡಲ್ಟನ್ ಬೆಕ್‌ನ ಜೀವನಕ್ಕೆ ಬಂದದ್ದು ಆಗ. ಜಾಜ್‌ನ ಬಾಗಿಲು ತೆರೆದದ್ದು ಅವನ ಕಡೆಯಿಂದ. 1973ರಲ್ಲಿ ಟಿಮ್ ಬೊಗರ್ಟ್, ಕಾರ್ಮೈನ್ ಅಪಿಸ್ ಜೊತೆ ಮಾಡಿದ ಮೂವರ ಬ್ಯಾಂಡಿನಲ್ಲಿ ಶಬ್ದ ಜಾಸ್ತಿ, ರಾಗ ಕಡಿಮೆ.

ಆಮೇಲೆ 1975. "ಬ್ಲೋ ಬೈ ಬ್ಲೋ."

ಈ ಆಲ್ಬಮ್ ಯಾಕೆ ಅಷ್ಟು ದೊಡ್ಡದು ಅನ್ನುವುದು ಅರ್ಥವಾಗಬೇಕಾದರೆ ಅದರಲ್ಲಿ ಏನಿಲ್ಲ ಅಂತ ನೋಡಬೇಕು. ಅದರಲ್ಲಿ ಹಾಡುಗಾರನಿಲ್ಲ. ಅಷ್ಟು ವರ್ಷ ಬೆಕ್‌ನ ತಲೆನೋವು ಹಾಡುಗಾರರದ್ದೇ ಆಗಿತ್ತು. ಒಳ್ಳೆಯವರು ಬಿಟ್ಟು ಹೋಗುತ್ತಿದ್ದರು, ಇದ್ದವರು ಸರಿ ಹೊಂದುತ್ತಿರಲಿಲ್ಲ. ಇಲ್ಲಿ ಅವನು ಹಾಡುಗಾರನ ಜಾಗದಲ್ಲಿ ಗಿಟಾರನ್ನೇ ಕೂರಿಸಿದ. ನಿರ್ಮಾಪಕ ಜಾರ್ಜ್ ಮಾರ್ಟಿನ್, ಬೀಟಲ್ಸ್ ಆಲ್ಬಮ್‌ಗಳನ್ನು ರೂಪಿಸಿದ ಅದೇ ಮಾರ್ಟಿನ್. ಅವನು ಎರಡು ಕಡೆ ಪಿಟೀಲುಗಳ ಹಿನ್ನೆಲೆ ಬರೆದು ಕೊಟ್ಟ. ಉಳಿದ ಕಡೆ ಗಿಟಾರ್‌ಗೆ ಉಸಿರಾಡಲು ಜಾಗ ಬಿಟ್ಟ. ಹಾಡೇ ಇಲ್ಲದ ರಾಕ್ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ಆಗಲೂ ಅದು ಅಪರೂಪ, ಈಗಲೂ ಅಪರೂಪ.

ಆಲ್ಬಮ್ಮಿನ ಕವರ್ ಮೇಲೆ ಬೆಕ್‌ನ ಕೈಯಲ್ಲಿರುವುದು ಕಡುಗೆಂಪು ಬಣ್ಣದ ಗಿಬ್ಸನ್ ಲೆಸ್ ಪಾಲ್. 2025ರ ಜನವರಿಯಲ್ಲಿ ಲಂಡನ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಆ ಗಿಟಾರ್ 10 ಲಕ್ಷ ಪೌಂಡ್‌ಗಿಂತ ಜಾಸ್ತಿಗೆ ಹೋಯಿತು. ಆದರೆ ಆಲ್ಬಮ್ಮಿನಲ್ಲಿ ಜನ ಅತಿ ಹೆಚ್ಚು ಪ್ರೀತಿಸುವ ತುಣುಕು "ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್". ಅದನ್ನು ಬೆಕ್ ನುಡಿಸಿದ್ದು ಬೇರೆ ಗಿಟಾರ್‌ನಲ್ಲಿ. ಸೇಮೋರ್ ಡಂಕನ್ ಅನ್ನುವ ಕುಶಲಿ ಒಂದು ಟೆಲಿಕ್ಯಾಸ್ಟರ್ ಗಿಟಾರ್‌ಗೆ ಗಿಬ್ಸನ್‌ನ ಪಿಕಪ್‌ಗಳನ್ನು, ಅಂದರೆ ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಭಾಗಗಳನ್ನು, ಕೂರಿಸಿ ಕೊಟ್ಟಿದ್ದ. ರಾಗ ಸ್ಟೀವಿ ವಂಡರ್‌ನದು. ಆಲ್ಬಮ್ ಮುಗಿದ ಮೇಲೂ ಬೆಕ್‌ಗೆ ಸಮಾಧಾನ ಇರಲಿಲ್ಲವಂತೆ. ಒಂದು ಸೋಲೋ ಇನ್ನೊಮ್ಮೆ ನುಡಿಸುತ್ತೇನೆ ಅಂತ ಮಾರ್ಟಿನ್‌ಗೆ ಫೋನ್ ಮಾಡಿದನಂತೆ. "ಆಲ್ಬಮ್ ಆಗಲೇ ಅಂಗಡಿಗೆ ಹೋಗಿದೆ" ಅಂತ ಮಾರ್ಟಿನ್ ಹೇಳಬೇಕಾಯಿತು.

ಮರುವರ್ಷದ "ವೈರ್ಡ್" ಇನ್ನೂ ಚೂಪು. ಮಹಾವಿಷ್ಣು ಆರ್ಕೆಸ್ಟ್ರಾ ಅನ್ನುವ ಜಾಜ್-ರಾಕ್ ಬ್ಯಾಂಡಿನಿಂದ ಬಂದ ಇಬ್ಬರು, ಕೀಬೋರ್ಡ್‌ನ ಯಾನ್ ಹ್ಯಾಮರ್ ಮತ್ತು ಡ್ರಮ್ಸ್‌ನ ನಾರದ ಮೈಕಲ್ ವಾಲ್ಡನ್, ಅದರಲ್ಲಿದ್ದಾರೆ. ಹ್ಯಾಮರ್‌ನ ಸಿಂಥಸೈಜರ್ ಮತ್ತು ಬೆಕ್‌ನ ಗಿಟಾರ್ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಕೆಲವು ಕಡೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. 1975ರ ಪಂಗಡದೊಳಗೇ ಎರಡು ಗುಂಪು: ರಾಗ ಬೇಕಾದವರು "ಬ್ಲೋ ಬೈ ಬ್ಲೋ" ಅನ್ನುತ್ತಾರೆ, ಬಿಸಿ ಬೇಕಾದವರು "ವೈರ್ಡ್" ಅನ್ನುತ್ತಾರೆ.

ಎಷ್ಟೋ ಜನ ಇಲ್ಲಿಗೆ ಪುಸ್ತಕ ಮುಚ್ಚಿಬಿಡುತ್ತಾರೆ. 1980ರ "ದೇರ್ ಆ್ಯಂಡ್ ಬ್ಯಾಕ್" ಆದ ಮೇಲೆ ಬೆಕ್ ನಿಧಾನವಾದ. ತಿಂಗಳುಗಟ್ಟಲೆ ತನ್ನ ಹಳೆಯ ಕಾರುಗಳ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ. 1985ರ "ಫ್ಲ್ಯಾಶ್" ಆ ಕಾಲದ ಡ್ರಮ್ ಮಷೀನ್ ಸದ್ದಿನಲ್ಲಿ ಮುಳುಗಿದೆ. ಅಭಿಮಾನಿಗಳ ಪಟ್ಟಿಯಲ್ಲಿ ಅದು ಕೊನೆಯ ಸ್ಥಾನಕ್ಕೆ ಹೋಗುವುದೇ ಜಾಸ್ತಿ. ಆದರೆ ಅದೇ ವರ್ಷಗಳಲ್ಲಿ, ಯಾವ ಸುದ್ದಿಯೂ ಆಗದೆ, ಬೆಕ್ ಪಿಕ್ ಬಳಸುವುದನ್ನು ಬಿಟ್ಟ.

ಪಿಕ್ ಅಂದರೆ ಗಿಟಾರ್ ತಂತಿ ಮೀಟುವ ಪ್ಲಾಸ್ಟಿಕ್ ಚೂರು. ಬಿಟ್ಟರೆ ಏನಾಯಿತು ಅಂತ ನಿಮಗೆ ಅನಿಸಬಹುದು. ಒಂದು ಕ್ಷಣ ನಿಮ್ಮ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ಏನೋ ಹಿಡಿದ ಹಾಗೆ ಇಟ್ಟುಕೊಳ್ಳಿ. ಆ ಎರಡು ಬೆರಳು ಈಗ ಬೇರೆ ಯಾವ ಕೆಲಸಕ್ಕೂ ಇಲ್ಲ, ಅಲ್ವಾ? ಪಿಕ್ ಹಿಡಿದವನ ಸ್ಥಿತಿ ಅದು. ಕೈಯ ಅತ್ಯಂತ ಬಲವಾದ, ಚುರುಕಾದ ಎರಡು ಬೆರಳು ಒಂದು ಚೂರನ್ನು ಹಿಡಿದುಕೊಳ್ಳುವುದಕ್ಕೇ ಮುಡಿಪು. ಬೆಕ್ ಅದನ್ನು ಕೆಳಗಿಟ್ಟಾಗ ಐದೂ ಬೆರಳು ಬಿಡುಗಡೆಯಾದವು. ಹೆಬ್ಬೆರಳು ತಂತಿ ಮೀಟುತ್ತದೆ. ತೋರುಬೆರಳು ತಂತಿಯನ್ನು ಕೆಳಗಿನಿಂದ ಎತ್ತಿ ಬಿಟ್ಟು "ಪಟ್" ಅನ್ನಿಸುತ್ತದೆ. ಉಳಿದ ಬೆರಳುಗಳಲ್ಲಿ ಗಿಟಾರ್‌ನ ವ್ಯಾಮಿ ಬಾರ್, ಅಂದರೆ ಸ್ವರ ಅಲುಗಿಸುವ ಲೋಹದ ಕಡ್ಡಿ. ಕಿರುಬೆರಳು ವಾಲ್ಯೂಮ್ ಗುಬುಟಿನ ಮೇಲೆ. ಇಷ್ಟೂ ಒಂದೇ ಕೈಯಲ್ಲಿ, ಒಂದೇ ಸ್ವರದ ಒಳಗೆ.

ಇದಕ್ಕೆ ಗಿಟಾರೂ ಹೊಂದಬೇಕು. ಲೆಸ್ ಪಾಲ್‌ನಲ್ಲಿ ವಾಲ್ಯೂಮ್ ಗುಬುಟು ತಂತಿಯಿಂದ ದೂರ. ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್‌ನಲ್ಲಿ ಅದು ಕಿರುಬೆರಳಿಗೆ ಎಟುಕುವಷ್ಟು ಹತ್ತಿರ ಇದೆ, ಜೊತೆಗೆ ವ್ಯಾಮಿ ಬಾರ್ ಕೂಡ. ಬೆಕ್ ಉಳಿದ ಜೀವನವನ್ನು ಹೆಚ್ಚಾಗಿ ಸ್ಟ್ರ್ಯಾಟ್ ಜೊತೆಯೇ ಕಳೆದ.

ವಾಲ್ಯೂಮಿನ ಕೆಲಸ ಮೊದಲು ನೋಡಿ. ಗಿಟಾರ್ ಸ್ವರಕ್ಕೆ ಒಂದು ಹುಟ್ಟುಗುಣ ಇದೆ: ಮೀಟಿದ ಕೂಡಲೇ "ಟಣ್" ಅಂತ ಜೋರಾಗಿ ಹುಟ್ಟಿ, ಆಮೇಲೆ ಕರಗುತ್ತದೆ. ಮನುಷ್ಯನ ದನಿ, ಪಿಟೀಲು ಹಾಗಲ್ಲ. ಅವು ಮೆಲ್ಲಗೆ ಹುಟ್ಟಿ ಬೆಳೆಯಬಲ್ಲವು. ವಾಲ್ಯೂಮ್ ಸೊನ್ನೆಯಲ್ಲಿಟ್ಟು ತಂತಿ ಮೀಟಿ, ಮರುಕ್ಷಣ ಕಿರುಬೆರಳಿನಿಂದ ಗುಬುಟನ್ನು ತಿರುಗಿಸಿದರೆ ಆ "ಟಣ್" ಮಾಯ. ಸ್ವರ ಎಲ್ಲಿಂದಲೋ ತೇಲಿ ಬಂದ ಹಾಗೆ ಕೇಳುತ್ತದೆ.

ಎರಡನೆಯದು ವ್ಯಾಮಿ ಬಾರ್. ಸ್ಟ್ರ್ಯಾಟ್‌ನ ಹಿಂಬದಿಯಲ್ಲಿ ಸ್ಪ್ರಿಂಗ್‌ಗಳಿವೆ. ಅವು ಒಂದು ಕಡೆ ಎಳೆಯುತ್ತವೆ, ತಂತಿಗಳು ಇನ್ನೊಂದು ಕಡೆ. ಎರಡರ ನಡುವೆ ಬ್ರಿಡ್ಜ್, ಅಂದರೆ ತಂತಿಗಳು ಕೂತಿರುವ ಲೋಹದ ತುಂಡು, ತೂಗುತ್ತಿರುತ್ತದೆ. ಬಾರ್ ಒತ್ತಿದರೆ ತಂತಿ ಸಡಿಲವಾಗಿ ಸ್ವರ ಇಳಿಯುತ್ತದೆ. ಎತ್ತಿದರೆ ಬಿಗಿಯಾಗಿ ಏರುತ್ತದೆ. ಹೆಚ್ಚಿನವರು ಇದನ್ನು ಸ್ವರ ನಡುಗಿಸಲು ಅಥವಾ ವಿಮಾನ ಬಿದ್ದ ಹಾಗೆ ಸದ್ದು ಮಾಡಲು ಬಳಸುತ್ತಾರೆ. ಬೆಕ್ ಇದರಲ್ಲಿ ರಾಗ ಹಾಡಿದ.

1989ರ "ಗಿಟಾರ್ ಶಾಪ್" ಆಲ್ಬಮ್ಮಿನ "ವೇರ್ ವರ್ ಯು" ಕೇಳಿ. ಬಲ್ಗೇರಿಯಾದ ಹೆಂಗಸರ ಗಾಯನ ಮೇಳ ಕೇಳಿ ಮನಸೋತು ಅವನು ಕಟ್ಟಿದ ತುಣುಕು ಅದು. ಅದರಲ್ಲಿ ಮುಖ್ಯ ರಾಗದ ಬಹುಪಾಲು ಹಾರ್ಮೋನಿಕ್ ಸ್ವರಗಳಲ್ಲಿದೆ. ತಂತಿಯನ್ನು ಒತ್ತದೆ, ಸರಿಯಾದ ಜಾಗದಲ್ಲಿ ಸುಮ್ನೆ ತಾಗಿಸಿ ಮೀಟಿದರೆ ಗಂಟೆಯಂಥ ದನಿ ಬರುತ್ತದೆ. ಆದರೆ ಆ ಜಾಗಗಳು ಕಡಿಮೆ. ಫ್ರೆಟ್ ಅಂದರೆ ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಗೆರೆ. ತಂತಿಯ ಅರ್ಧಕ್ಕೆ, ಅಂದರೆ 12ನೇ ಫ್ರೆಟ್‌ನ ಮೇಲೆ, ಒಂದು. ಮೂರನೇ ಒಂದು ಭಾಗಕ್ಕೆ, 7ನೇ ಫ್ರೆಟ್‌ನಲ್ಲಿ, ಇನ್ನೊಂದು. ಕಾಲು ಭಾಗಕ್ಕೆ, 5ನೇ ಫ್ರೆಟ್‌ನಲ್ಲಿ, ಮತ್ತೊಂದು. ಹೀಗೆ ಕೆಲವೇ. ಇಷ್ಟರಲ್ಲಿ ರಾಗ ಪೂರ್ತಿ ಸಿಗುವುದಿಲ್ಲ. ನಡುವಿನ ಸ್ವರಗಳನ್ನು ಬೆಕ್ ಬಾರ್ ಒತ್ತಿ, ಎತ್ತಿ ಹುಡುಕಿಕೊಳ್ಳುತ್ತಾನೆ. ಬಾರ್‌ಗೆ ಫ್ರೆಟ್ ಇಲ್ಲ, ಗೆರೆ ಇಲ್ಲ. ಎಷ್ಟು ಒತ್ತಿದರೆ ಸರಿ ಅಂತ ಹೇಳುವುದು ಕಿವಿ ಮಾತ್ರ. ಕೂದಲೆಳೆ ತಪ್ಪಿದರೂ ಅಪಸ್ವರ.

ಗಮಕ ಕೇಳಿ ಬೆಳೆದ ಕಿವಿಗೆ ಇದು ಬೇಗ ತಾಕುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಅವನು ಹಾರುವುದಿಲ್ಲ, ಜಾರುತ್ತಾನೆ. ದಾರಿಯಲ್ಲಿ ಸಿಗುವುದನ್ನೆಲ್ಲ ಮುಟ್ಟಿಕೊಂಡು ಹೋಗುತ್ತಾನೆ. 2001ರ ಆಲ್ಬಮ್ಮಿನಲ್ಲಿ ಅವನು ಬ್ರಿಟನ್ನಿನ ಸಂಗೀತಗಾರ ನಿತಿನ್ ಸಾಹ್ನಿಯ "ನದಿಯಾ" ನುಡಿಸಿದ. ಮೂಲದಲ್ಲಿ ಅದನ್ನು ಹಾಡಿದ್ದು ಸ್ವಾತಿ ನಾಟೇಕರ್. ಹಿಂದೂಸ್ತಾನಿ ಶೈಲಿಯ ದನಿಯ ಆ ತಿರುವುಗಳನ್ನು ಬೆಕ್ ಗಿಟಾರ್‌ಗೆ ಇಳಿಸಿದ. 1965ರಲ್ಲಿ ಸಿತಾರ್‌ನ ನೆರಳು ಹಿಡಿದ ಹುಡುಗ ಮೂವತ್ತಾರು ವರ್ಷ ಆದ ಮೇಲೆ ದನಿಯನ್ನೇ ಹಿಡಿದ. ಪಿಕ್ ಕೈಯಲ್ಲಿ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಇಲ್ಲಿ 1968 ಮತ್ತು 1975ರ ಪಂಗಡದವರು ಒಂದು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕೈ ಪಳಗಿತು ಸರಿ, ಆ ಕೈಗೆ ಹೊಸ ರಾಗಗಳು ಎಲ್ಲಿ? ಕೊನೆಯ ಇಪ್ಪತ್ತು ವರ್ಷಗಳಲ್ಲಿ ಜನ ನೆನಪಿಟ್ಟುಕೊಂಡದ್ದರಲ್ಲಿ ಬಹಳಷ್ಟು ಬೇರೆಯವರ ರಾಗಗಳು. ಬೀಟಲ್ಸ್‌ನ "ಎ ಡೇ ಇನ್ ದ ಲೈಫ್", 2010ರಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಿದ, ಪುಚ್ಚೀನಿಯ ಒಪೆರಾ ಹಾಡು "ನೆಸ್ಸುನ್ ಡೋರ್ಮಾ". ಎರಡಕ್ಕೂ ಗ್ರ್ಯಾಮಿ ಬಂತು. ಆದರೆ ಎರಡೂ ಅವನ ರಚನೆಯಲ್ಲ. ಆಲ್ಬಮ್ ಅಂತ ನೋಡಿದರೆ, ಮೊದಲಿನಿಂದ ಕೊನೆವರೆಗೂ ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳುವಂಥದ್ದು "ಬ್ಲೋ ಬೈ ಬ್ಲೋ" ಆದ ಮೇಲೆ ಬಂದಿಲ್ಲ. ಇದನ್ನು ಒಪ್ಪಲೇಬೇಕು. ಒಪ್ಪುತ್ತೇನೆ ಕೂಡ.

ಹಾಗಿದ್ದರೂ ನಾನು ಮೂರನೆಯವರ ಪಕ್ಷ. ಅದಕ್ಕೆ ಸಾಕ್ಷಿಯಾಗಿ ನನ್ನ ಹತ್ತಿರ ಇರುವುದು ಒಂದೇ ರೆಕಾರ್ಡಿಂಗ್. 2007ರ ನವೆಂಬರ್ ಕೊನೆಯಲ್ಲಿ ಬೆಕ್ ಲಂಡನ್‌ನ ರಾನಿ ಸ್ಕಾಟ್ಸ್ ಅನ್ನುವ ಸಣ್ಣ ಜಾಜ್ ಕ್ಲಬ್‌ನಲ್ಲಿ ಸಾಲಾಗಿ ಕೆಲವು ರಾತ್ರಿ ನುಡಿಸಿದ. ಡ್ರಮ್ಸ್‌ಗೆ ವಿನ್ನಿ ಕೊಲಾಯುಟ, ಕೀಬೋರ್ಡ್‌ಗೆ ಜೇಸನ್ ರಿಬೆಲೊ, ಬೇಸ್‌ಗೆ ಇಪ್ಪತ್ತು ವರ್ಷದ ಟಾಲ್ ವಿಲ್ಕನ್‌ಫೆಲ್ಡ್. ಈ ರೆಕಾರ್ಡಿಂಗ್‌ನ ವಿಶೇಷ ಏನೆಂದರೆ ಇದರಲ್ಲಿ ಎಲ್ಲ ಕಾಲಗಳೂ ಇವೆ. 1966ರಲ್ಲಿ ರೆಕಾರ್ಡ್ ಮಾಡಿದ್ದ "ಬೆಕ್ಸ್ ಬೊಲೆರೊ" ಇದೆ. "ಬ್ಲೋ ಬೈ ಬ್ಲೋ", "ವೈರ್ಡ್", "ದೇರ್ ಆ್ಯಂಡ್ ಬ್ಯಾಕ್", "ಗಿಟಾರ್ ಶಾಪ್" ತುಣುಕುಗಳಿವೆ. "ನದಿಯಾ" ಇದೆ. ನಲವತ್ತು ವರ್ಷದ ಸಂಗೀತ, ಒಂದೇ ವೇದಿಕೆ, ಒಂದೇ ಕೈ. ವಾದ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಬೇಕೇ?

ನಾನು ಆಗಾಗ ಮಾಡುವ ಕೆಲಸ ಒಂದಿದೆ. ನೀವೂ ಮಾಡಿ ನೋಡಿ. "ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್" ಎರಡು ಸಲ ಹಾಕಿ. ಮೊದಲು 1975ರದ್ದು, ಆಮೇಲೆ 2007ರದ್ದು. ಇಯರ್‌ಫೋನ್ ಇದ್ದರೆ ಒಳ್ಳೆಯದು. ಮೊದಲ ಒಂದು ನಿಮಿಷ ಸಾಕು.

1975ರಲ್ಲಿ ರಾಗ ಬಹಳ ಚೆಂದ. ಧ್ವನಿ ದುಂಡಗಿದೆ, ಬೆಚ್ಚಗಿದೆ. ಸ್ವರಗಳು ಒಂದರ ಪಕ್ಕ ಒಂದು ನಿಂತಿವೆ. 2007ರಲ್ಲಿ ಅದೇ ರಾಗ, ಆದರೆ ಪ್ರತಿ ಸ್ವರಕ್ಕೂ ಬೇರೆ ಬೇರೆ ಹುಟ್ಟು. ಒಂದು ವಾಲ್ಯೂಮಿನಿಂದ ಮೆಲ್ಲಗೆ ಅರಳುತ್ತದೆ. ಇನ್ನೊಂದಕ್ಕೆ ಹೆಬ್ಬೆರಳಿನ ಮಾಂಸದ ಮೆತ್ತನೆ ಪೆಟ್ಟು. ಮತ್ತೊಂದರ ಕೊನೆಗೆ ಬಾರ್‌ನ ಸಣ್ಣ ಅಲುಗಾಟ, ಮಾತು ಮುಗಿಸುವಾಗ ದನಿ ಸ್ವಲ್ಪ ನಡುಗಿದ ಹಾಗೆ. 1975ರಲ್ಲಿ ಮಾರ್ಟಿನ್‌ಗೆ ಫೋನ್ ಮಾಡಿ "ಇನ್ನೊಮ್ಮೆ ನುಡಿಸುತ್ತೇನೆ" ಅಂದಿದ್ದನಲ್ಲ, ಆ ಇನ್ನೊಮ್ಮೆ ಇದೇ ಇರಬಹುದು ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ವಿಡಿಯೋ ಸಿಕ್ಕರೆ ಅದನ್ನೂ ನೋಡಿ. ತುಣುಕಿನ ಮಧ್ಯದಲ್ಲಿ ಬೆಕ್ ನಿಲ್ಲಿಸಿ ಬೇಸ್‌ಗೆ ಜಾಗ ಬಿಡುತ್ತಾನೆ. ವಿಲ್ಕನ್‌ಫೆಲ್ಡ್ ಸೋಲೋ ಶುರು ಮಾಡುತ್ತಾಳೆ. ಅವಳು ಹುಟ್ಟುವುದಕ್ಕಿಂತ ಹನ್ನೊಂದು ವರ್ಷ ಮೊದಲೇ ಬಂದಿದ್ದ ರೆಕಾರ್ಡಿಂಗ್ ಅದು. ಅದರೊಳಗೆ ಅವಳು ತನ್ನದೇ ದಾರಿ ಹುಡುಕಿಕೊಂಡು ಹೋಗುತ್ತಾಳೆ. ಅರವತ್ತಮೂರರ ಬೆಕ್ ಪಕ್ಕಕ್ಕೆ ನಿಂತು ನಗುತ್ತಾ ಕೇಳುತ್ತಾನೆ. ಆಗ ಅವನ ಬಲಗೈ ನೋಡಿ. ಅದರಲ್ಲಿ ಏನೂ ಇಲ್ಲ.